ಪೊದೆಗೆ ಎಸೆದ ಕಲ್ಲುಗಳು

ಮನೆಯ ಹಿಂದಿನ ಕೋಣೆ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಸಿಟ್ಟು ಬಂದಿದೆಯೆಂದು ಕೆಮ್ಮು ವಿಚಾರಿಸದೆ ಇರುವುದಕ್ಕಾಗುವುದಿಲ್ಲ.

ನಿನ್ನ ಅತ್ತಿಗೆಯ ಕಾಲಿನ ಮೂಳೆ ಮುರಿದಿದೆ. ಪ್ಲಾಸ್ಟರ್ ಹಾಕಿಸಿಕೊಂಡು ಕಿಟಕಿಯ ಪಕ್ಕ ಮಲಗಿದ್ದಾಳೆ. ಕಳೆದ ಭಾನುವಾರ ನಾವು ಮೂವರೂ ಕಾಡಿಗೆ ಹೋದೆವಲ್ಲ, ನಾನು ಮುಂದೆ, ನೀನು ನಡುವೆ, ಅವಳು ಎಲ್ಲರಿಗಿಂತ ಹಿಂದೆ. ಅವಳ ನಡಿಗೆಯೇ ಹಾಗೆ, ಒಂದೊಂದು ಮರವನ್ನೂ ಮಾತಾಡಿಸಿಕೊಂಡು ಬರುವವಳು. ಅದಕ್ಕೇ ನನಗೂ ಅವಳಿಗೂ ನಡುವೆ ಒಂದು ಪದ್ಧತಿ: ದಾರಿ ಕವಲೊಡೆದಲ್ಲೆಲ್ಲ ನಾನು ಹಿಡಿದ ದಾರಿಯ ಬದಿಗೆ ಒಂದರ ಮೇಲೊಂದು ಮೂರು ಕಲ್ಲು ಇಟ್ಟು ಹೋಗುತ್ತೇನೆ. ಮದುವೆಯಾದಂದಿನಿಂದ ಒಮ್ಮೆಯೂ ಮರೆತಿಲ್ಲ. ಆ ಕಲ್ಲುಗಳನ್ನು ನೀನು ಹಿಂದಿನಿಂದ ಒಂದೊಂದಾಗಿ ಎತ್ತಿ ಪೊದೆಗೆ ಎಸೆಯುತ್ತಾ ಬಂದೆ. ಕೆರೆಯ ದಂಡೆಯಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದೆ, "ಕಾಡು ನಮ್ಮಪ್ಪನ ಅಂಗಳ ಅಲ್ಲ ಕಣಣ್ಣಾ, ಬಂದು ಹೋದ ಗುರುತು ಉಳಿಸಬಾರದು" ಎಂದು. ಯಾವುದೋ ಚಾರಣ ಶಿಬಿರದ ಪಾಠ. ಕಾಡಿನ ಮೇಲೆ ಅಷ್ಟು ಮರ್ಯಾದೆ ಇರುವವನಿಗೆ ಹಿಂದೆ ಬರುತ್ತಿದ್ದವಳ ನೆನಪಾಗಲಿಲ್ಲ. ನಾನು ಗಾಬರಿಯಾದರೆ, "ಬರ್ತಾರೆ ಬಿಡು, ಅತ್ತಿಗೇದು ಆಮೆ ಸವಾರಿ" ಎಂದು ನಕ್ಕು, ಬಸ್ಸು ತಪ್ಪೀತೆಂದು ನೀನು ಹೊರಟೇಬಿಟ್ಟೆ.

ಅವಳು ಎಡಕ್ಕೆ ತಿರುಗಿದ್ದಳು. ಆ ದಾರಿ ಕೊರಕಲಿಗೆ ಇಳಿಯುತ್ತದೆ. ಕೂಗಿ ಕೂಗಿ ನನ್ನ ಗಂಟಲು ಹರಿದ ಮೇಲೆ, ಪಾಚಿ ಬಂಡೆಯ ಕೆಳಗೆ ಕಾಲು ಹಿಡಿದು ಕೂತಿದ್ದವಳು ಸಿಕ್ಕಳು. ಅಳುತ್ತಿರಲಿಲ್ಲ. "ಕಲ್ಲು ಇಡೋದು ಮರೆತ್ರಾ?" ಎಂದಳು, ಅಷ್ಟೆ.

ಅವಳನ್ನು ಹೊತ್ತು ತಂದೆ. ದಾರಿಯುದ್ದಕ್ಕೂ ನಿನ್ನನ್ನು ಬೈದೆ, ಮನಸ್ಸಿನಲ್ಲಿ. ಈಗ ಕಾಗದದ ಮೇಲೆ ಬೈಯುತ್ತಿದ್ದೇನೆ. ಸಮಾಧಾನವೇನೂ ಆಗುತ್ತಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಇದೆ, ಸದ್ಯ ಕೊಡುವ ಮನಸ್ಸಿಲ್ಲ.

ನಿನ್ನ ಅಣ್ಣ

ಮರೆತೆ: ಕಲ್ಲುಗಳನ್ನು ನೀನೇ ಎತ್ತೆಸೆದೆ ಎಂದು ಅವಳಿಗೆ ಹೇಳಿದೆ. ನಂಬಲಿಲ್ಲ. "ಪಾಪ, ಆ ಹುಡುಗನ ಮೇಲೆ ಯಾಕೆ ಹಾಕ್ತೀರಿ, ಮರೆತೆ ಅಂದ್ರೆ ಮುಗೀತಲ್ಲ" ಎಂದು ಗೋಡೆಯ ಕಡೆ ತಿರುಗಿದಳು. ಮೂಳೆ ಕೂಡುತ್ತದಂತೆ. ನಾನು ಅವಳನ್ನು ಮರೆತು ನಡೆದೆ ಎಂಬುದು ಮಾತ್ರ ಅವಳಲ್ಲಿ ಕೂತುಬಿಟ್ಟಿದೆ. ಫೋನ್ ಮಾಡಬೇಡ, ನಾನು ಹೇಳಿಕೊಟ್ಟದ್ದು ಅನ್ನುತ್ತಾಳೆ. ನೀನೇ ಬಂದು ಎದುರು ಕೂತು ಹೇಳು. ಆ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ.