ನೋಡದೆ ಹಾಕಿದ ಸಹಿ

ಅಕ್ಟೋಬರ್ 14, ಮಂಗಳವಾರ

ತಪಾಸಣೆಯವರು ಇವತ್ತು ಬಜಪೆಗೆ ಬಂದು ನಮ್ಮ ಗುಂಪಿನ ಬೂಬಣ್ಣನ ಹರಿವೆ ಸೊಪ್ಪನ್ನು ಕಿತ್ತು, ಚೀಲಕ್ಕೆ ಮೊಹರು ಹಾಕಿ ಪರೀಕ್ಷೆಗೆ ಕೊಂಡುಹೋದರು.

ನಮ್ಮ ತರಕಾರಿ ಬೆಳೆಗಾರರ ಗುಂಪಿನಲ್ಲಿ ಏಳು ಮನೆ. ಒಬ್ಬರ ಬೆಳೆಯನ್ನು ಇನ್ನೊಬ್ಬರು ನೋಡಿ ಸಹಿ ಮಾಡಿದರೆ ಮಾತ್ರ ಸರ್ಕಾರದ ಸಾವಯವ ಪ್ರಮಾಣಪತ್ರ. ಬೂಬಣ್ಣನದಕ್ಕೆ ಸಹಿ ಮಾಡಿದವಳು ನಾನು. ಅಂದು ಮೊಣಕಾಲು ನೋಯುತ್ತಿತ್ತು. ಅಂಗಳದಲ್ಲೇ ಕೂತು ಎಳನೀರು ಕುಡಿದು, ಎಲ್ಲ ನೋಡಿದ್ದೇನೆ ಎಂದು ಬರೆದುಬಿಟ್ಟೆ.

ತಪಾಸಣೆಯವರು ಹೋದ ಮೇಲೆ ಬೂಬಣ್ಣನ ಹೆಂಡತಿ ದೇಯಿ ನನ್ನನ್ನು ಬದಿಗೆ ಕರೆದಳು.

"ಎಸ್ತೆರ್ ಬಾಯಿ, ನೀವು ಅವತ್ತು ಹಿಂದಿನ ಗದ್ದೆಗೆ ಹೋಗ್ಲಿಲ್ಲ ಅಲ್ವಾ?"

"ಯಾಕೆ, ಅಲ್ಲಿ ಎಂತ ಉಂಟು?"

"ಹುಳ ಜೋರಿತ್ತು. ಇವರು ಒಂದೇ ಸಲ ಅಂಗಡಿಯ ವಿಷದ ಮದ್ದು ಬಿಟ್ಟದ್ದು."

ವರದಿ ಕೆಟ್ಟದಾಗಿ ಬಂದರೆ, ಗುಂಪಿನ ನಿಯಮದಂತೆ, ಏಳು ಮನೆಯ ಪತ್ರವೂ ಹೋಗುತ್ತದೆ. ನಮ್ಮ ಗುಂಪಿನ ಮೆರ್ಲಿನ್ ಒಂದು ತೊಟ್ಟು ಮದ್ದು ಮುಟ್ಟಿದವಳಲ್ಲ. ಗಂಡ ತೀರಿದ ಮೇಲೆ ಉರ್ವ ಮಾರ್ಕೆಟಿನಲ್ಲಿ ಬಸಳೆ ಮಾರಿಯೇ ಮನೆ ನಡೆಸುತ್ತಿದ್ದಾಳೆ. ಆ ಪತ್ರ ನೋಡಿಯೇ ಗಿರಾಕಿಗಳು ಅವಳ ಹತ್ತಿರ ಬರುವುದು.

ಸಂಜೆ ತಡೆಯಲಾಗದೆ ಗುಂಪಿನ ಮುಖಂಡ ಇರ್ವಿನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದೇ ಬೇರೆ.

"ಆಂಟಿ, ನಾನೂ ಮೂರು ಮನೆಗೆ ನೋಡದೆ ಸಹಿ ಮಾಡಿದ್ದೇನೆ. ನಿಮ್ಮದಕ್ಕೂ."

ಹೇಳಿದರೆ ಭಯ ಇಳಿಯುತ್ತದೆ ಎಂದುಕೊಂಡಿದ್ದೆ. ಈಗ ಯಾರ ಗದ್ದೆಯನ್ನು ಯಾರು ನೋಡಿದ್ದಾರೆ ಎಂಬುದೇ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಮೆರ್ಲಿನ್ ಮನೆಗೆ ಹೋಗಬೇಕು. ಬಾಗಿಲು ತೆರೆದು ಅವಳು ಒಳಗೆ ಬನ್ನಿ ಎಂದರೆ, ನಾನು ಮೊದಲು ಹೊಸ್ತಿಲಲ್ಲೇ ನಿಂತು ನನ್ನ ಸಹಿಯ ಸುಳ್ಳನ್ನು ಹೇಳಬೇಕು.