ಸಾಹೇಬರು ಬರುವ ಕಾರ್ಡು

೧೯-೪-೧೯೮೪, ರಾಯಚೂರು
ಬೆಳಿಗ್ಗೆ ಎರಡು ಇಡ್ಲಿ. ಹೊಟ್ಟೆ ಉಬ್ಬರ. ಆಫೀಸಿಗೆ ಹೋದರೆ ಮೇಜಿನ ಮೇಲೆ ಮತ್ತೆ ಕಾಗದ. ಒಟ್ಟು ಇಪ್ಪತ್ನಾಲ್ಕಾದವು. ಹೋದ ವಾರದ ಆಲಿಕಲ್ಲು ಮಳೆಗೆ ದೇವದುರ್ಗ, ಮಾನ್ವಿ ಕಡೆ ಮನೆ ಕೆಟ್ಟವರೆಲ್ಲ ಬರೆದಿದ್ದಾರೆ. ಎಲ್ಲರದ್ದೂ ನಮ್ಮ ಕಂಪನಿಯ ಮನೆ ವಿಮೆ: ಬೆಂಕಿ, ಗಾಳಿ, ಮಳೆ, ಆಲಿಕಲ್ಲು. ಹಳ್ಳಿ ಹಳ್ಳಿ ತಿರುಗಿ ಮಾಡಿಸಿದವನೂ ನಾನೇ, ಈಗ ಹಾನಿ ನೋಡಿ ವರದಿ ಬರೆಯಬೇಕಾದವನೂ ನಾನೇ.

ಮ್ಯಾನೇಜರ್ ಹಂಪಯ್ಯನವರು ಕರೆದರು. "ಮರಿಸ್ವಾಮಿ, ನೀ ಇನ್ನಾ ಟೆಂಪರವರಿ ಅದೀ. ಇದೊಂದು ಚಲೋತ್ನಾಗಿ ಮುಗಿಸು. ಜುಲೈದಾಗ ಕನ್ಫರ್ಮ್ ಮಾಡಸ್ತೀನಿ."

ಚಲೋತ್ನಾಗಿ ಅಂದರೆ ಏನು ಅಂತ ಕೇಳಲಿಲ್ಲ. ಅಷ್ಟು ದಡ್ಡನಲ್ಲ.

೨೩-೪
ದೇವದುರ್ಗ ಕಡೆ ಆರು ಮನೆ. ಹೇಳದೆ ಕೇಳದೆ ಹೋದೆ. ತಪ್ಪಾಯಿತು. ಒಡೆದ ಹೆಂಚು ಅಂಗಳದಲ್ಲೇ ಗುಡ್ಡೆ ಬಿದ್ದಿತ್ತು, ಮೇಲೆ ನೋಡಿದರೆ ಆಕಾಶ. ಆರಕ್ಕೆ ಆರೂ 'ಹಾನಿ' ಎಂದೇ ಬರೆಯಬೇಕಾಯಿತು. ಒಂದು ಮನೆಯಲ್ಲೂ ಚಹಾ ಇಲ್ಲ. ಒಲೆಯೇ ಕರಗಿ ಹೋಗಿದೆಯಂತೆ.

ಹಂಪಯ್ಯ ವರದಿ ಓದಿದರು. ಚಶ್ಮಾ ತೆಗೆದು ಬಹಳ ಹೊತ್ತು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು.

೨೮-೪, ಶನಿವಾರ
ಪೋತ್ನಾಳ. ಮದುವೆ ದಿನಗಳು, ಮನೆಯವರು ಊರಲ್ಲಿಲ್ಲದಿದ್ದರೆ ಬಸ್ ಚಾರ್ಜು ದಂಡ ಎಂದು ಮೊದಲೇ ಒಂದು ಕಾರ್ಡು ಬರೆದಿದ್ದೆ: 'ಸಾಹೇಬರು ಶನಿವಾರ ಮನೆ ನೋಡಲು ಬರುತ್ತಾರೆ.' ಅಷ್ಟೇ.

ಹೋಗಿ ನೋಡುತ್ತೇನೆ... ಅಂಗಳ ಸಾರಿಸಿ ರಂಗೋಲಿ. ಗೋಡೆಗೆ ಸುಣ್ಣ. ಹೆಂಚು ಸಾಲಾಗಿ ಕೂತಿವೆ. ಒಡೆದದ್ದೆಲ್ಲ ತಿಪ್ಪೆಗೆ ಹೋಗಿದೆ. ಯಜಮಾನ ವಿರೂಪಣ್ಣ ಒಗೆದ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದ.

"ಇದೇನ್ರಿ, ಎಲ್ಲಾ ರಿಪೇರಿ ಮಾಡಿಬಿಟ್ಟೀರಿ?"

"ಸಾಹೇಬ್ರು ಬರ್ತಾರಂದ್ರ ಹರಕ ಮನ್ಯಾಗ ಕುಂದ್ರಸಾಕ ಬರ್ತದೇನ್ರಿ?"

ಮಂಡಕ್ಕಿ ಸುಸಲಾ, ಮಿರ್ಚಿ, ಎರಡು ಸಲ ಚಹಾ. ಬರೆದೆ: 'ಹಾನಿ ಕಂಡುಬಂದಿಲ್ಲ.' ಸುಳ್ಳೇನಲ್ಲ, ಕಂಡದ್ದು ಬರೆದೆ. ಬರುವಾಗ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ. ಪಕ್ಕದವನು ಸರಿದು ಕೂತ.

೩೦-೪
ಹದಿನೇಳು ಕಾರ್ಡು ಪೋಸ್ಟ್ ಮಾಡಿದೆ. ಎಲ್ಲದಕ್ಕೂ ಒಂದೇ ಒಕ್ಕಣೆ. 'ಸಾಹೇಬರು' ಮಾತ್ರ ದಪ್ಪ ಅಕ್ಷರ. ಸುಣ್ಣ ಬಳಿಯಲು ಎಂಟು ದಿನ ಬಿಟ್ಟಿದ್ದೇನೆ. ಇಷ್ಟು ಬುದ್ಧಿ ಪಿಯುಸಿಯಲ್ಲಿ ಬಂದಿದ್ದರೆ...

೯-೫, ಕಲ್ಲೂರು
ಇವತ್ತಿನ ಕೊನೆಯ ಮನೆ ಬಸವಂತಮ್ಮನದು. ಗಂಡ ಗಡಿಗೆಪ್ಪ ಮಾನ್ವಿಯ ರೈಸ್ ಮಿಲ್ಲಿನಲ್ಲಿ ಹಮಾಲನಾಗಿದ್ದ. ಎರಡು ವರ್ಷದ ಹಿಂದೆ ಒಂದರ ಮೇಲೊಂದು ಒಟ್ಟಿದ ಚೀಲದ ಲಾಟು ಮೈಮೇಲೆ ಜಾರಿ ಬಿತ್ತು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮೂವತ್ತೈದರ ಗಂಡಸು, ಗೋಡೆ ಬದಿಯ ಹೊರಸಿನ ಮೇಲೆ ಮಲಗಿದ್ದಾನೆ. ಈಗ ಅವಳು ಅದೇ ಮಿಲ್ಲಿಗೆ ಅಕ್ಕಿ ಹಸನು ಮಾಡಲು ಹೋಗುತ್ತಾಳೆ. ಇರುವುದು ಅದೊಂದೇ ಕೋಣೆ.

ಕೋಣೆ ಹೊಳೆಯುತ್ತಿತ್ತು. ನನಗೆಂದು ಕಂಬಳಿ ಹಾಸಿದ್ದಳು. ಗಡಿಗೆಪ್ಪನಿಗೆ ಕ್ಷೌರ ಬೇರೆ ಮಾಡಿಸಿದ್ದಳು. ಅವನು ಮಲಗಿದಲ್ಲಿಂದಲೇ ಶುರು ಮಾಡಿದ.

"ಸಾಹೇಬ್ರ, ಈ ಗ್ವಾಡಿ ಒಳಗ ಸೀಳು ಬಿಟ್ಟದ್ರಿ. ಆಣಿಕಲ್ಲು ಬಿದ್ದ ದಿನ ಹೆಂಚು ಒಡದು, ಮ್ಯಾಲಿಂದ ನೀರು ಕುಡದು..."

"ನೀವು ಸುಮ್ಮನಿರ್ರಿ," ಎಂದಳು ಬಸವಂತಮ್ಮ. "ಮನಿಗೆ ಬಂದವ್ರ ಮುಂದ ಯಾರರ ಕೊರತಿ ಹೇಳ್ತಾರೇನು? ಅವರು ಸಾಹೇಬ್ರು. ನೋಡಿದ್ರ ಅವರಿಗೇ ತಿಳೀತದ."

ತಿಳಿಯಿತು. ಅವಳು ಚಹಾ ತರಲು ಹಿಂದಕ್ಕೆ ಹೋದಾಗ ಗೋಡೆಗೆ ಹೆಬ್ಬೆರಳು ಒತ್ತಿದೆ. ಹಸಿ ಸುಣ್ಣ, ಅದರೊಳಗೆ ಹಸಿ ಮಣ್ಣು. ಬೆರಳು ಗೆಣ್ಣಿನವರೆಗೆ ಹೋಯಿತು. ಗಡಿಗೆಪ್ಪ ನೋಡುತ್ತಿದ್ದ. ಅವನ ಮುಖ ಹಗುರಾಯಿತು. ಸದ್ಯ, ಸಾಹೇಬರಿಗೆ ಗೊತ್ತಾಯಿತಲ್ಲ ಎಂಬಂತೆ ತಲೆ ಆಡಿಸಿದ.

ಬೆರಳು ಕರ್ಚೀಫಿಗೆ ಒರೆಸಿಕೊಂಡೆ. ಬರೆದೆ: 'ಗೋಡೆ, ಮಾಡು ಸುಸ್ಥಿತಿಯಲ್ಲಿವೆ.' ಸುಸಲಾಕ್ಕೆ ಉಪ್ಪು ಕಡಿಮೆ.

೧೪-೫
ಹದಿನೇಳೂ ವರದಿ ಒಪ್ಪಿಸಿದೆ.

"ಹದಿನೇಳಕ್ಕ ಹದಿನೇಳೂ ಗಟ್ಟಿ ಅದಾವೇನೋ?"

"ಹೌದ್ರಿ. ನೆಲದ ಮ್ಯಾಲ ಅನ್ನ ಹಾಕ್ಕೊಂಡು ಉಣ್ಣಬಹುದು, ಅಷ್ಟು ಸ್ವಚ್ಛ."

ಕಾರ್ಡಿನ ಉಪಾಯ ಹೇಳಿದೆ. ಹಂಪಯ್ಯ ನಕ್ಕರು. ಮೂರು ವರ್ಷದಲ್ಲಿ ಮೊದಲ ಸಲ ನನಗೆ ಎದುರಿನ ಕುರ್ಚಿ ತೋರಿಸಿದರು.

೨-೭
ಕನ್ಫರ್ಮ್ ಆಯಿತು. ಆರ್ಡರನ್ನು ನಾಲ್ಕು ಸಲ ಓದಿದೆ. ಆ ಹದಿನೇಳು ಮನೆಗಳಿಗೆ ಹಣ ಇಲ್ಲವೆಂಬ ಕಾಗದ ಮಾತ್ರ ಇನ್ನೂ ಹೋಗಿಲ್ಲ. ಹೊಸ ಚಪ್ಪಲಿ ಕೊಂಡೆ. ಕಚ್ಚುತ್ತಿದೆ.

೨೩-೭
ಮೂರು ದಿನದಿಂದ ಜಡಿಮಳೆ. ಕಲ್ಲೂರಿನ ಶಾಲೆ ಮಾಸ್ತರರ ಕಾಗದ ಬಂತು. ಬಸವಂತಮ್ಮನ ಮನೆ ಗೋಡೆ ಬಿದ್ದಿದೆ. ಗಡಿಗೆಪ್ಪ ಅಡಿಗೆ ಸಿಕ್ಕಿ ಸತ್ತಿದ್ದಾನೆ. ವಿಮೆ ಇನ್ನೂ ಚಾಲ್ತಿಯಲ್ಲಿದೆಯಂತೆ, ದಯಮಾಡಿ ಬಂದು ನೋಡಬೇಕಂತೆ. ಅಕ್ಷರ ದುಂಡಗೆ ಚೆನ್ನಾಗಿವೆ.

ಹಂಪಯ್ಯ: "ಈ ಸಲ ಕಾರ್ಡು ಹಾಕಬ್ಯಾಡ. ಇದ್ದದ್ದು ಇದ್ದಂಗ ಸಿಗಬೇಕು. ಫಾರಂ ಮ್ಯಾಲ ಹೆಬ್ಬೆಟ್ಟು ಹಾಕಿಸಿಕೊಂಡು ಬಾ. ಬರಿಯೂದು ಇಲ್ಲಿ ಕುಂತು ಬರಿಯೂಣು."

ಖಾಲಿ ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡೆ.

೨೬-೭
ಹೋಗಿ ಬಂದೆ. ಕೋಣೆ ಇಲ್ಲ. ಮಣ್ಣಿನ ಗುಪ್ಪೆ, ನಡುವೆ ಹೊರಸಿನ ಒಂದು ಕಾಲು. ಒಂದು ಹೆಂಟೆಯ ಮೇಲೆ ಇನ್ನೂ ಸುಣ್ಣ ಇತ್ತು, ಅದರಲ್ಲಿ ಹೆಬ್ಬೆರಳು ಹೋಗುವಷ್ಟು ಕುಳಿ. ಅದನ್ನು ಬೋರಲು ಹಾಕಿದೆ. ಯಾಕೆ ಹಾಕಿದೆನೋ.

ಬಸವಂತಮ್ಮ ಪಕ್ಕದ ಮನೆಯ ಬಂಡೆಮ್ಮನ ಕಟ್ಟೆ ಮೇಲಿದ್ದಳು. ನನ್ನನ್ನು ಕಂಡು ಎದ್ದಳು. ಸೆರಗಿನಿಂದ ಕಟ್ಟೆ ಒರೆಸಿ ಕೂರಲು ಜಾಗ ಮಾಡಿದಳು.

"ಕಾರ್ಡು ಬರಲಿಲ್ರಿ ಈ ಸಲ. ಬಂದಿದ್ರ ಒಂದೀಟು ಹಸನು ಮಾಡಿ ಇಡ್ತಿದ್ದೆ."

ಮುಖ ನೋಡಿದೆ. ಚುಚ್ಚಿ ಆಡಿದ ಮಾತಲ್ಲ. ನಿಜವಾಗಿ ನಾಚಿಕೊಂಡಿದ್ದಳು.

ಬಂಡೆಮ್ಮ ಬಾಯಿ ಬಿಟ್ಟಳು: "ಅವತ್ತಿನ ಹೆಂಚು ನಮ್ಮವ್ರಿ. ಸಾಹೇಬ್ರ ಮ್ಯಾಲ ಬಿಸಿಲು ಬೀಳಬಾರದಂತ ನಮ್ಮ ಕೊಟಗಿದು ಇಸಗೊಂಡು ಹೊದಿಸಿದ್ಳು. ನೀವು ಹ್ವಾದ ಮರುದಿನ ಇಳಿಸಿ ತಂದುಕೊಟ್ಳು. ವಿಮಾ ಬರ್ತದ, ಹೊಸಾವು ತರಸ್ತೀನಂತಿದ್ಳು. ಈ ಮಳಿಗೆ ನಾನೇ ಕೊಡಾಕ ಹೋದೆ. ಒಲ್ಲೆ, ಸಾಹೇಬ್ರು ಗ್ವಾಡಿ ಮುಟ್ಟಿ ನೋಡ್ಯಾರ, ಇವತ್ತು ನಾಳಿ ಬರ್ತದಂದ್ಳು."

"ಯಾರು ಹೇಳಿದ್ರು, ಮುಟ್ಟಿ ನೋಡಿದ್ದು?" ಎಂದೆ.

"ನಮ್ಮ ಮನಿಯವ್ರೇ ಹೇಳಿದ್ರಿ," ಎಂದಳು ಬಸವಂತಮ್ಮ. "ದಿನಾ ಹೇಳ್ತಿದ್ರು."

ಫಾರಂ ತೆಗೆದೆ. ಖಾಲಿ ಇತ್ತು. ಅವಳು ಹೆಬ್ಬೆಟ್ಟು ಚಾಚಿದಳು. ಉಗುರಿನಲ್ಲಿ ಮಣ್ಣಿತ್ತು. ಎರಡು ಸಲ ಒತ್ತಿಸಿದೆ, ಮೊದಲನೆಯದು ಸರಿಯಾಗಿ ಮೂಡಲಿಲ್ಲ. ಹೊರಡುವಾಗ ಬಂಡೆಮ್ಮನ ಮನೆಯಿಂದ ಚಹಾ ತಂದುಕೊಟ್ಟಳು. ಕುಡಿದೆ.

೨೭-೭, ಬೆಳಿಗ್ಗೆ ಹನ್ನೊಂದು, ಆಫೀಸು
ಹಂಪಯ್ಯ ದಾರಿ ಹೇಳಿಕೊಟ್ಟರು. ಮೇ ತಿಂಗಳಲ್ಲಿ ಗೋಡೆ ಸುಸ್ಥಿತಿ ಎಂದು ಬರೆದಿದ್ದೇನೆ, ಆದ್ದರಿಂದ ಈಗ ಕೊಡಲೇಬೇಕಾಗುತ್ತದೆ. ಕೊಡಬಾರದು ಅಂದರೆ ಒಂದೇ ಕಾರಣ: ಆಗಲೇ ಬಿರುಕಿತ್ತು, ಸುಣ್ಣ ಬಳಿದು ನನ್ನ ಕಣ್ಣಿಗೆ ಮರೆಮಾಡಿದರು. "ನಿಂದೇನೂ ತಪ್ಪಿಲ್ಲ. ಅವರು ಮುಚ್ಚಿದ್ರು, ನಿನಗ ಕಾಣಲಿಲ್ಲ. ಇಲ್ಲಾ ನಿನಗ ಕಂಡಿತ್ತು ಅಂತ ಬರಿ. ಆದ್ರ ಆರ್ಡರ್ ವಾಪಸ್ ಹೋಗ್ತದ, ನೋಡು."

ಬಾಗಿಲು ಎಳೆದುಕೊಂಡು ಹೋದರು.

ಅವಳು ಮುಚ್ಚಿದ್ದು ನಿಜ. ಸುಣ್ಣ ಬಳಿದದ್ದು ನಿಜ. ಕಾರ್ಡಿನ ವಿಷಯ ಫಾರಂನಲ್ಲಿ ಯಾರೂ ಕೇಳುವುದಿಲ್ಲ. ನಾನು ಬೆರಳು ಒತ್ತಿದ್ದನ್ನು ನೋಡಿದವನು ಒಬ್ಬನೇ ಇದ್ದ, ಅವನೂ ಇಲ್ಲ.

ಅಸಹ್ಯ ಆಗುತ್ತಿದೆ. ಆದರೂ ಅಕ್ಷರ ದುಂಡಗೇ ಬರುತ್ತಿವೆ. ಫಾರಂಗೆ ಇಳಿಸುವ ಮುಂಚೆ ಇಲ್ಲೊಮ್ಮೆ ಬರೆದು ನೋಡುತ್ತೇನೆ:

'ಮನೆಯವರು ಗೋಡೆಯ ಬಿರುಕನ್ನು ಬೇಕೆಂದೇ ಸುಣ್ಣ ಬಳಿದು ಮರೆಮಾಡಿದ್ದರು.'