ಕಾವಿಗೆ ಕೂತ ಕೆಂಪಿ

15-2-2009, ಭಾನುವಾರ. ಬೀಜಾಡಿ

ಇವತ್ತಿನ ಕೋಳಿ ಸಾರು ಬಹಳ ರುಚಿಯಾಗಿತ್ತಂತೆ. ಮಾಡಿದ್ದು ನಾನೇ. ಅದಕ್ಕೇ ಸಿಟ್ಟು ಇಳಿಯುತ್ತಿಲ್ಲ.

ಹನ್ನೊಂದು ವರ್ಷದ ಹಿಂದೆ ರೋಗ ಬಂದು ಕೋಳಿಗಳೆಲ್ಲ ಒಂದೇ ವಾರದಲ್ಲಿ ಸತ್ತ ಮೇಲೆ ನಾನು ಗೂಡಿನ ಕಡೆ ತಿರುಗಿ ನೋಡಿರಲಿಲ್ಲ. ಈ ಸಲ ಮನಸ್ಸು ಮಾಡಿ ನಾಲ್ಕು ಗಿರಿರಾಜ ತಳಿಯ ಹೇಂಟೆ, ಒಂದು ಹುಂಜ, ಒಂದೇ ಒಂದು ಕೆಂಪು ಊರ ಕೋಳಿ ತಂದೆ. ಗಿರಿರಾಜ ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ಕಾವಿಗೆ ಕೂರುವುದಿಲ್ಲ. ಎಲ್ಲರ ಮೊಟ್ಟೆಯನ್ನೂ ಹೊಟ್ಟೆಯಡಿ ಎಳೆದುಕೊಂಡು ಇಪ್ಪತ್ತು ದಿನದಿಂದ ಕೂತಿದ್ದವಳು ಆ ಕೆಂಪಿ ಒಬ್ಬಳೇ.

ನಾನು ಕೋಟೇಶ್ವರಕ್ಕೆ ಹೋಗಿ ಬರುವಷ್ಟರಲ್ಲಿ ಇವರ ಅಣ್ಣ ಚಂದಯ್ಯ ಭಾವ ಅವಳನ್ನು ಕೊಯ್ದು, ಪುಕ್ಕ ತೆಗೆದು, ಪಾತ್ರೆಗೆ ಹಾಕಿಟ್ಟಿದ್ದರು. ಮುಂಬಯಿಯಿಂದ ಬಂದವರಿಗೆ ಊರ ಕೋಳಿಯೇ ಆಗಬೇಕು.

"ಮೊಟ್ಟೆ ಇಡುದೂ ಇಲ್ಲ, ಮೂಲೆಗೆ ಸುಮ್ನೆ ಕೂಕಂಡಿತ್ತ್. ಅದನ್ನೇ ಹಿಡ್ದೆ ಕಾಣ್," ಎಂದರು, ನನಗೇನೋ ಉಪಕಾರ ಮಾಡಿದವರ ಹಾಗೆ. ಇದೇ ಅಂಗಳದಲ್ಲಿ ಹುಟ್ಟಿ ಬೆಳೆದವರಿಗೆ ಕಾವಿಗೆ ಕೂತ ಕೋಳಿಯ ಗುರುತಿಲ್ಲ.

ಇವರೋ, "ಒಂದ್ ಕೋಳಿಗ್ ಇಷ್ಟ್ ಸಿಟ್ಟ್ ಎಂತಕ್ಕೆ? ಇನ್ನೊಂದ್ ತಂದ್ರಾಯ್ತಲೆ," ಎಂದು ಎರಡನೇ ಸಲ ಸಾರಿಗೆ ತಟ್ಟೆ ಒಡ್ಡಿದರು. ನಾನೂ ಬಡಿಸಿದೆ.

ಒಂಬತ್ತು ಮೊಟ್ಟೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಬಿಸಿ ಒಲೆಯ ಪಕ್ಕ ಇಟ್ಟಿದ್ದೇನೆ. ಒಂದನ್ನು ಕಿವಿಗೆ ಹಿಡಿದೆ. ಒಳಗೆ ಮರಿ ಕೊಕ್ಕಿನಿಂದ ಕುಟ್ಟುತ್ತಿದೆ. ನಾಳೆ ಅದು ಹೊರಗೆ ಬಂದು ತಾಯಿಯನ್ನು ಹುಡುಕುವ ಹೊತ್ತಿಗೆ ಭಾವ ಮುಂಬಯಿ ಬಸ್ಸಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿದ್ದೆ ಮಾಡುತ್ತಿರುತ್ತಾರೆ.